ಒಂದು ಸೌಟಿಗೆ ನಾಲ್ಕು ರೆಕಾರ್ಡು

ನಾನು ಕೊಂಡ ಮೊದಲ ಗ್ರಾಮಫೋನ್ ರೆಕಾರ್ಡುಗಳಿಗೆ ಕೊಟ್ಟ ಬೆಲೆ ಒಂದು ಸ್ಟೀಲ್ ಸೌಟು. ನಾಲ್ಕು ರೆಕಾರ್ಡಿಗೆ ಒಂದು ಸೌಟು. ಅಷ್ಟು ಕೊಡುವುದಕ್ಕೂ ಆ ದಿನ ನನಗೆ ಮನಸ್ಸಿರಲಿಲ್ಲ.

ಆಗ ನನ್ನದು ಪಾತ್ರೆ ವ್ಯಾಪಾರ. ಗಂಗಾವತಿಯ ಅಂಗಡಿಯಿಂದ ಸ್ಟೀಲ್ ಸಾಮಾನು ತಂದು, ಬುಟ್ಟಿಯಲ್ಲಿ ಹೊತ್ತು ಊರೂರು ತಿರುಗಿ, ಹಳೆ ಸೀರೆ, ಹಳೆ ಪ್ಯಾಂಟು ಇಸಕೊಂಡು ಪಾತ್ರೆ ಕೊಡುವ ಕೆಲಸ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ನಾನು ಕೂಗು ಹಾಕದ ಓಣಿ ಕಡಿಮೆ. ನನ್ನ ಹೆಸರು ಹುಲಿಗೆಮ್ಮ. ಜನ ಕರೆಯುತ್ತಿದ್ದುದು ಬೋಗಾಣಿ ಹುಲಿಗೆವ್ವ ಎಂದು. ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದೆ, ಇಂಗ್ಲಿಷಿನಲ್ಲಿ ಫೇಲಾಗಿದ್ದೆ. ಅದರಲ್ಲಿ ನನಗೆ ಉಳಿದದ್ದು ಅಕ್ಷರ ಕೂಡಿಸಿ ಓದುವುದಷ್ಟೇ. ಮುಂದೆ ಅದೇ ಕೆಲಸಕ್ಕೆ ಬಂತು.

ಹೋದ ತಿಂಗಳು ಕೊಪ್ಪಳದಿಂದ ಒಬ್ಬ ಹೆಣ್ಣುಮಗಳು ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ಹಳೆ ರೆಕಾರ್ಡು ಕೊಂಡು ಮಾರುವ ಕೆಲಸಕ್ಕೆ ಇಳಿದಿದ್ದಾಳಂತೆ. "ಅಮ್ಮಾರ, ಸೋವಿ ಮಾಲು ಎಲ್ಲಿ ಸಿಗತೈತ್ರಿ?" ಎಂದು ಕೇಳಿದಳು. ಚಹಾ ಕುಡಿಯುತ್ತ ಒಂದಿಷ್ಟು ಹೇಳಿದೆ. ಅವಳು ಹೋದ ಮೇಲೆ ಹೇಳದೆ ಉಳಿದದ್ದೇ ಹೆಚ್ಚು ಅನ್ನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಷ್ಟು ದುಡಿದೆ, ಮನೆ ಯಾವಾಗ ಕಟ್ಟಿಸಿದೆ ಎಂಬ ಮಾತು ಬಿಟ್ಟಿದ್ದೇನೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ಆ ಸೌಟಿನ ವ್ಯಾಪಾರ ಆದದ್ದು ಹನುಮಸಾಗರದಲ್ಲಿ. ಗಂಗವ್ವ ಎಂಬ ಹೆಂಗಸು ಒಂದು ಗಂಟು ಸೀರೆ ತಂದಿಟ್ಟು ಬುಟ್ಟಿಯೊಳಗಿನ ಪಾತ್ರೆ ಆರಿಸುತ್ತಿದ್ದಳು. ಕೊನೆಗೆ ಒಳಗೆ ಹೋಗಿ ನಾಲ್ಕು ಕರಿಯ ತಟ್ಟೆ ತಂದು ಸೀರೆಯ ಮೇಲೆ ಎಸೆದಳು.

"ಇವನ್ನೂ ಒಯ್ಯಬೇ. ಇವಕ್ಕೊಂದು ಸೌಟರ ಕೊಡು."

"ಯಕ್ಕಾ, ಇವು ತಗೊಂಡು ನಾ ಏನ್ ಮಾಡ್ಲಿ? ಉಡಾಕ ಬರ್ತಾವೇನು?"

"ನಮಗೂ ಉಡಾಕ ಬರಂಗಿಲ್ಲ. ಅದಕ್ಕ ಕೊಡಾಕ ಹತ್ತೀನಿ."

ಒಂದು ಗಂಟು ಸೀರೆ ಕೈಬಿಟ್ಟು ಹೋಗಬಾರದೆಂದು ಸೌಟು ಕೊಟ್ಟೆ. ಮರುದಿನ ಗಂಗಾವತಿಯಲ್ಲಿ ನನ್ನ ಟ್ರಾನ್ಸಿಸ್ಟರ್ ರಿಪೇರಿಗೆ ಕೊಟ್ಟಿದ್ದ ಅಂಗಡಿಗೆ ಹೋದಾಗ, ಬುಟ್ಟಿಯ ತಳದಲ್ಲಿ ಆ ತಟ್ಟೆಗಳಿದ್ದವು. ಅಂಗಡಿಯ ಮಾಲೀಕರು ಮೆಹಬೂಬ್ ಸಾಹೇಬರು. ದಪ್ಪ ಕನ್ನಡಕ, ಕೈಯಲ್ಲಿ ಯಾವಾಗಲೂ ಬೆಸುಗೆ ಹಾಕುವ ಕಡ್ಡಿ. ನನ್ನ ಟ್ರಾನ್ಸಿಸ್ಟರ್ ಬದಿಗಿಟ್ಟು ಅವರು ಒಂದೊಂದೇ ತಟ್ಟೆಯನ್ನು ಎರಡು ಅಂಗೈ ನಡುವೆ ಅಂಚಿನಲ್ಲಿ ಹಿಡಿದು, ಬಾಗಿಲ ಬೆಳಕಿಗೆ ಓರೆ ಮಾಡಿ ನೋಡಿದರು. ಮೂರನ್ನು ಪಕ್ಕಕ್ಕಿಟ್ಟರು. ನಾಲ್ಕನೆಯದನ್ನು ಹಿಡಿದುಕೊಂಡೇ ಕೂತರು.

"ಹುಲಿಗೆವ್ವ, ಇದು ಎಲ್ಲಿ ಸಿಕ್ತು?"

ಹೇಳಿದೆ. ಅವರು ಗಲ್ಲಾದಿಂದ ನೂರರ ಎರಡು ನೋಟು ತೆಗೆದು ನನ್ನ ಮುಂದಿಟ್ಟರು. ನನ್ನ ಆ ದಿನದ ಬುಟ್ಟಿ ಪೂರಾ ಮಾರಿದರೂ ಅಷ್ಟು ಲಾಭ ಬರುತ್ತಿರಲಿಲ್ಲ. ಹೈದರಾಬಾದಿನಲ್ಲಿ, ಬೆಂಗಳೂರಿನಲ್ಲಿ ಇಂಥವನ್ನು ಕೂಡಿಡುವ ಶೋಕಿಯವರು ಇದ್ದಾರೆಂದೂ, ತಾವು ಅಂಚೆಯಲ್ಲಿ ಕಳಿಸುತ್ತೇನೆಂದೂ ಹೇಳಿದರು. "ನಾ ಅಂಗಡಿ ಬಿಟ್ಟು ತಿರುಗಾಕ ಆಗಂಗಿಲ್ಲ. ನೀ ಹೆಂಗೂ ಮನಿ ಮನಿ ತಿರುಗ್ತೀ. ನೋಡ್ಕೋತ ಇರು" ಎಂದರು. ಅಂದಿನಿಂದ ಅವರು ನನ್ನ ಮೇಲಿನವರಾದರು. ಸಂಬಳವಿಲ್ಲದ ಸಾಹೇಬರು.

ಕೆಲಸ ಕಲಿತದ್ದು ಮಾಲು ಕೆಡಿಸಿ.

ಸಾಹೇಬರು "ಸ್ವಚ್ಛ ಇರಬೇಕು, ಧೂಳು ಇರಬಾರದು" ಎಂದಿದ್ದರು. ಪಾತ್ರೆ ಮಾರುವವಳಿಗೆ ಸ್ವಚ್ಛ ಮಾಡುವುದನ್ನು ಯಾರು ಹೇಳಿಕೊಡಬೇಕು? ಮುಂದಿನ ಸಲ ಸಿಕ್ಕ ಹನ್ನೊಂದು ರೆಕಾರ್ಡನ್ನು ಹಿತ್ತಲಲ್ಲಿ ಕೂತು, ಬೂದಿ ಹಾಕಿ, ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ಬಿಸಿಲಿಗೆ ಒರಗಿಸಿದೆ. ಏನು ಹೊಳಪು! ಮುಖ ಕಾಣುತ್ತಿತ್ತು. ಹೆಮ್ಮೆಯಿಂದ ಒಯ್ದು ಸಾಹೇಬರ ಮುಂದಿಟ್ಟೆ. ಅವರು ಒಂದನ್ನು ಎತ್ತಿ ನೋಡಿದರು, ಇನ್ನೊಂದು ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. "ಇದರಾಗ ಹಾಡು ಇತ್ತವ್ವ. ಎಲ್ಲಾ ತಿಕ್ಕಿ ತೆಗದಿ" ಎಂದರು.

ತಿದ್ದಿಕೊಂಡೆ. ಮೆತ್ತನೆಯ ಹಳೆ ಮಲ್ ಬಟ್ಟೆ, ತಣ್ಣೀರು, ಗೆರೆಗಳು ಸುತ್ತುವ ದಿಕ್ಕಿನಲ್ಲೇ ಒರೆಸುವುದು, ನಡುವಿನ ಕಾಗದಕ್ಕೆ ನೀರು ತಾಗದ ಹಾಗೆ ಕೈ ಅಡ್ಡ ಇಡುವುದು. ಆದರೆ ಬೇಸಿಗೆಯ ಪಾಠ ಇನ್ನೂ ಬಾಕಿ ಇತ್ತು. ಕುಷ್ಟಗಿಯಿಂದ ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದೆ ಬುಟ್ಟಿಯನ್ನು ಬಸ್ಸಿನ ಟಾಪಿನ ಮೇಲೆ, ಬಿಸಿಲಿನಲ್ಲಿ, ಹಾಕಿಸಿದೆ. ಬುಟ್ಟಿಯಲ್ಲಿ ಇಪ್ಪತ್ತು ರೆಕಾರ್ಡು, ಅವುಗಳ ಮೇಲೆ ಬೋಗಾಣಿ. ಗಂಗಾವತಿಯಲ್ಲಿ ಇಳಿಸಿದಾಗ ಬೋಗಾಣಿಗಳು ಹೇಗಿದ್ದವೋ ಹಾಗಿದ್ದವು. ರೆಕಾರ್ಡುಗಳು ಕೆಳಗೆ ಬಾಗಿ, ಅಂಚು ಮೇಲೆದ್ದು, ಒಂದರೊಳಗೊಂದು ಚಂದವಾಗಿ ಕೂತಿದ್ದವು.

ಸಾಹೇಬರು ಒಂದನ್ನು ಎತ್ತಿ ಅದರೊಳಗೆ ನಾಲ್ಕು ಸ್ಕ್ರೂ ಹಾಕಿ ಅಲ್ಲಾಡಿಸಿದರು. "ಪಾತ್ರಿ ಮಾರಿ ಮಾರಿ, ತಟ್ಟೀನೂ ಪಾತ್ರಿ ಮಾಡ್ಕೊಂಡ ಬಂದ್ಯಲ್ಲ!" ಎಂದರು. ಆ ತಟ್ಟೆ ಬಹಳ ವರ್ಷ ಅವರ ಮೇಜಿನ ಮೇಲೆ ಸ್ಕ್ರೂ ಹಾಕುವ ಬಟ್ಟಲಾಗಿ ಇತ್ತು. ಆಮೇಲೆ ನಾನು ರೆಕಾರ್ಡುಗಳನ್ನು ಯಾವತ್ತೂ ನಿಲ್ಲಿಸಿಯೇ ಒಯ್ದೆ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು. ಹೊಸಬರು ಇದೊಂದನ್ನಾದರೂ ನನ್ನಿಂದ ಪುಕ್ಕಟೆ ಕಲಿಯಲಿ. ನಮ್ಮ ಕಡೆಯ ಏಪ್ರಿಲ್ ತಿಂಗಳಲ್ಲಿ ರೆಕಾರ್ಡನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಚಹಾಕ್ಕೆ ಹೋಗಬಾರದು.

ಎಲ್ಲಿ ಸಿಗುತ್ತವೆ ಎಂದು ಆ ಹೆಣ್ಣುಮಗಳು ಕೇಳಿದ್ದಳಲ್ಲ. ಇಟ್ಟವರು ಮರೆತ ಜಾಗದಲ್ಲಿ ಸಿಗುತ್ತವೆ. ಅಟ್ಟದ ಮೇಲೆ, ಹೊಲಿಗೆ ಯಂತ್ರದ ಹಿಂದೆ, ದೇವರ ಫೋಟೊ ಬೀಳದಂತೆ ಅದರ ಬೆನ್ನಿಗೆ. ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ಒಂದು ಮನೆಯಲ್ಲಿ ಕಡಲೆಕಾಳಿನ ಗಡಿಗೆಗೆ ಮುಚ್ಚಳವಾಗಿದ್ದ ತಟ್ಟೆ ಸಿಕ್ಕಿತು. ಗಂಗಾವತಿಯ ಸುತ್ತಲಿನ ಕ್ಯಾಂಪುಗಳಲ್ಲಿ, ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದು ನೆಲೆಸಿದವರ ಮನೆಗಳಲ್ಲಿ, ತೆಲುಗು ರೆಕಾರ್ಡು ಬೇಕಾದಷ್ಟು ಇದ್ದವು. ಅವುಗಳ ಕವರಿನ ಅಕ್ಷರ ನನಗೆ ಬಾರದು. ಕವರು ಒಂದು, ಒಳಗಿನ ಹಾಡು ಒಂದು ಆಗಿರುತ್ತಿತ್ತು. ಆದ್ದರಿಂದ ಕವರು ನಂಬದೆ ತಟ್ಟೆಯ ನಡುವಿನ ಕಾಗದದ ಮೇಲಿನ ನಂಬರು ಬರೆದುಕೊಂಡು ಬಂದು ಸಾಹೇಬರಿಗೆ ತೋರಿಸುತ್ತಿದ್ದೆ.

"ರೆಕಾರ್ಡು ಅದಾವೇನ್ರಿ?" ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ "ಇಲ್ಲ" ಎನ್ನುತ್ತಿದ್ದರು, ಅವರಿಗೂ ನೆನಪಿರುತ್ತಿರಲಿಲ್ಲ. "ಯಕ್ಕಾ, ಅಟ್ಟ ಝಾಡಿಸಿ ಎಷ್ಟು ದಿನ ಆತು?" ಎಂದು ಕೇಳುತ್ತಿದ್ದೆ. ಆ ಪ್ರಶ್ನೆಗೆ ಯಾವ ಹೆಂಗಸೂ ಸುಮ್ಮನೆ ಕೂರುವುದಿಲ್ಲ.

ಆದರೆ ಕೊಡುವವರು ಹೆಂಗಸರು, ಕೂಡಿಟ್ಟವರು ಗಂಡಸರು. ಗಿಣಿಗೇರಾದಲ್ಲಿ ಒಬ್ಬಾಕೆ ಒಂದು ಟ್ರಂಕು ರೆಕಾರ್ಡು ಕೊಟ್ಟು ಪ್ರೆಷರ್ ಕುಕ್ಕರ್ ತೆಗೆದುಕೊಂಡಳು. ಗಂಡ ಕಾರ್ಖಾನೆಗೆ ಶಿಫ್ಟಿಗೆ ಹೋಗಿದ್ದ. ನಾನು ಬಸ್ಸು ಹತ್ತಿ, ಬಸ್ಸು ಒಂದು ಮೈಲಿ ಹೋಗಿತ್ತೋ ಇಲ್ಲವೋ, ಮೋಟಾರ್ ಸೈಕಲ್ಲೊಂದು ಅಡ್ಡ ಬಂತು. ಕಾರ್ಖಾನೆಯ ಹಳದಿ ಹೆಲ್ಮೆಟ್ ಹಾಕಿಕೊಂಡಿದ್ದ ಮನುಷ್ಯ ಬಸ್ಸೊಳಗೆ ಬಂದು, ಯಾರ ಮಾತೂ ಕೇಳದೆ, ನನ್ನ ತೊಡೆಯ ಮೇಲಿನ ಟ್ರಂಕಿಗೆ ಕೈ ಹಾಕಿದ.

"ಇದು ನಂದು. ನಮ್ಮಪ್ಪಂದು."

"ನಿಮ್ಮ ಮನಿಯಾಕಿ ಕೊಟ್ಟಾಳ್ರಿ. ನನ್ನ ಕುಕ್ಕರ್ ವಾಪಸ್ ಕೊಡ್ರಿ, ಇದನ್ನ ಒಯ್ರಿ."

ಕಂಡಕ್ಟರು ಇಬ್ಬರನ್ನೂ ಇಳಿಸಿ ಹೋದ. ಅವನ ಗಾಡಿಯ ಮೇಲೆ ಕೂತು ಮನೆಗೆ ಹೋದರೆ ಕುಕ್ಕರ್ ಒಲೆಯ ಮೇಲಿತ್ತು. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ತಟ್ಟಿ ಬೇಕಾದ್ರ ಇಟ್ಕೋರಿ. ಕುಕ್ಕರ್ ಮಾತ್ರ ಕೊಡಂಗಿಲ್ಲ, ಬ್ಯಾಳಿ ಹಾಕೀನಿ." ಮೂರು ಸೀಟಿ ಆಗುವವರೆಗೆ ನಾವು ಮೂವರೂ ಕುಕ್ಕರ್ ನೋಡುತ್ತ ನಿಂತೆವು. ಕೊನೆಗೆ ಅವನು ಕುಕ್ಕರಿನ ಬೆಲೆ ನನಗೆ ಕೊಟ್ಟ. ಊಟ ಮಾಡಿಸಿಯೇ ಕಳಿಸಿದರು. ಬೇಳೆ ಚೆನ್ನಾಗಿ ಬೆಂದಿತ್ತು. ಅಂದಿನಿಂದ "ಇವು ಯಾರವು?" ಎಂದು ಮೊದಲು ಕೇಳಿ, ಗಂಡಸರದಾದರೆ ಅವರು ಬರುವವರೆಗೆ ಕಾಯುವುದನ್ನು ರೂಢಿ ಮಾಡಿಕೊಂಡೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕೊರೆಯಿತು. ಹನುಮಸಾಗರದ ಆ ಗಂಗವ್ವ ಕೊಟ್ಟ ನಾಲ್ಕರಲ್ಲಿ ಒಂದಕ್ಕೆ ನಾನು ಇನ್ನೂರು ರೂಪಾಯಿ ಪಡೆದಿದ್ದೆನಲ್ಲ, ಅವಳಿಗೆ ಕೊಟ್ಟದ್ದು ಸೌಟು. ವ್ಯಾಪಾರ ಅಂದರೆ ಹೀಗೆಯೇ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಆ ಊರಿಗೆ ಹೋದಾಗಲೆಲ್ಲ ಆ ಓಣಿ ತಪ್ಪಿಸಿ ನಡೆಯುತ್ತಿದ್ದೆ. ಒಂದು ದಿನ ನನಗೇ ನಾಚಿಕೆಯಾಗಿ, ದೊಡ್ಡದೊಂದು ನೀರಿನ ಕೊಡ ತೆಗೆದುಕೊಂಡು ನೆಟ್ಟಗೆ ಅವಳ ಮನೆಗೆ ಹೋದೆ. ಇದ್ದದ್ದು ಇದ್ದಂತೆ ಹೇಳಿ ಕೊಡ ಕೊಟ್ಟೆ.

ಗಂಗವ್ವ ಕೊಡವನ್ನು ಬೆರಳಿನಿಂದ ಬಡಿದು ನೋಡಿದಳು. "ಮತ್ತ ಇಷ್ಟು ದಿನ ಯಾಕ ಬರಲಿಲ್ಲಬೇ?" ಎಂದಷ್ಟೇ ಕೇಳಿದಳು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಂದಿನ ವಾರ ಹೋದರೆ ಇಡೀ ಓಣಿ ಕಟ್ಟೆಗಳ ಮೇಲೆ ಕಾಯುತ್ತಿತ್ತು. ಒಬ್ಬಳು ಸಿಡಿ ತಂದಳು, ಒಬ್ಬಳು ಒಡೆದ ಗಡಿಯಾರದ ಮುಖ, ಇನ್ನೊಬ್ಬಳು ಗುಂಡಗಿದ್ದ ಪ್ಲಾಸ್ಟಿಕ್ ಮುಚ್ಚಳ. "ಆಕಿಗೆ ಕೊಡ, ನಮಗೇನು?" ಎಂಬ ಮಾತು. ಎರಡು ತುಂಡಾದ ರೆಕಾರ್ಡಿಗೆ ಒಬ್ಬ ಮುದುಕ ಗ್ಯಾಸ್ ಒಲೆ ಕೇಳಿದ. ಸಾಹೇಬರಿಗೆ ಹೇಳಿದಾಗ ಅವರು ತಲೆಗೆ ಕೈ ಹಚ್ಚಿದರು. "ನೀ ನನ್ನ ಧಂದೆ ಮುಳುಗಸ್ತೀ ಹುಲಿಗೆವ್ವ!" ಎಂದರು. ಒಂದು ತಿಂಗಳು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಆದರೆ ಆ ಸುದ್ದಿ ಊರಿಂದೂರಿಗೆ ಹೋಗಿ, "ಬೋಗಾಣಿ ಹುಲಿಗೆವ್ವ ಮೋಸ ಮಾಡಂಗಿಲ್ಲ" ಎಂದು ಜನ ತಾವೇ ಕರೆದು ಕೊಡತೊಡಗಿದರು. ಆಮೇಲಿನ ವರ್ಷಗಳಲ್ಲಿ ಸೋವಿ ಮಾಲು ನನಗೆ ಹೆಚ್ಚು ಬಂದದ್ದು ಕರೆದು ಕೊಟ್ಟವರಿಂದಲೇ. ಅಪರೂಪದ್ದು ಎಂದು ಗೊತ್ತಾದರೆ ಮೊದಲೇ ಹೇಳುತ್ತಿದ್ದೆ. ಬಹಳ ಮಂದಿ ಹೇಳಿದ ಮೇಲೂ "ಇರಲಿ ಒಯ್ಯಿ, ನಮಗೇನು ಕೇಳಾಕ ಮಷಿನ್ ಐತೇನು?" ಎನ್ನುತ್ತಿದ್ದರು.

ಆಮೇಲೆ ಮೊಬೈಲ್ ಫೋನು ಬಂದವು. ಮನೆಯವರು ಅಲ್ಲೇ ಕೂತು ಬೆಲೆ ನೋಡುತ್ತಾರೆ. ಎಲ್ಲೋ ಪರದೇಶದಲ್ಲಿ ಯಾರೋ ಲಕ್ಷಕ್ಕೆ ಮಾರಿದ ಚಿತ್ರ ತೋರಿಸಿ, ತಮ್ಮ ಸವೆದ ಭಕ್ತಿಗೀತೆಯ ತಟ್ಟೆಗೂ ಲಕ್ಷ ಕೇಳುತ್ತಾರೆ. ಅಂಥವರೊಂದಿಗೆ ವಾದ ಮಾಡಬೇಡಿ. ತಟ್ಟೆಯನ್ನು ಬಿಸಿಲಿಗೆ ಓರೆ ಹಿಡಿದು ಗೀರು ತೋರಿಸಿ, ಚಹಾ ಕುಡಿದು, ನಂಬರು ಕೊಟ್ಟು ಬನ್ನಿ. ಆರು ತಿಂಗಳಿಗೆ ಕರೆಯುತ್ತಾರೆ. ನಾನೂ ಫೋನಿನಲ್ಲಿ ಫೋಟೊ ತೆಗೆದು ಸಾಹೇಬರಿಗೆ ಕಳಿಸುವುದನ್ನು ಕಲಿತೆ. ಮೊದಲ ಫೋಟೊಗಳಲ್ಲಿ ತಟ್ಟೆಗಿಂತ ನನ್ನ ಹೆಬ್ಬೆರಳೇ ದೊಡ್ಡದಾಗಿ ಬರುತ್ತಿತ್ತು.

ಈಗ ಕುಷ್ಟಗಿಯ ವೀರಭದ್ರಪ್ಪನವರ ವಿಷಯ. ನನ್ನ ಇಡೀ ಕೆಲಸದಲ್ಲಿ ಇಷ್ಟು ದಿನ ತಿಂದ, ಇಷ್ಟು ಸೋವಿಗೆ ಬಂದ ಮಾಲು ಇನ್ನೊಂದಿಲ್ಲ.

ಅವರದು ಹಿಂದೆ ಮೈಕ್ ಸೆಟ್ಟಿನ ಅಂಗಡಿ. ಮದುವೆ, ನಾಟಕ, ಸಭೆ, ಎಲ್ಲಕ್ಕೂ ಅವರ ಮೈಕು. ಎಪ್ಪತ್ತು ದಾಟಿದ ಮೇಲೆ ಅಂಗಡಿ ಮುಚ್ಚಿ ಸಾಮಾನೆಲ್ಲ ಮನೆಯ ಪಡಸಾಲೆಗೆ ತಂದಿಟ್ಟುಕೊಂಡಿದ್ದರು. ನಾಲ್ಕು ನೂರರ ಮೇಲೆ ರೆಕಾರ್ಡು. ಪ್ರತಿಯೊಂದರ ನಡುವಿನ ಕಾಗದದ ಮೇಲೆ ಬಿಳಿ ಬಣ್ಣದಲ್ಲಿ "ವೀ" ಎಂದು ಬರೆದಿತ್ತು. ಮೈಕ್ ಸೆಟ್ಟಿನವರು ಹಾಗೆ ಗುರುತು ಹಾಕುತ್ತಿದ್ದರು. ಇಲ್ಲದಿದ್ದರೆ ಮದುವೆ ಮನೆಯಲ್ಲಿ ಒಬ್ಬರ ತಟ್ಟೆ ಇನ್ನೊಬ್ಬರ ಪೆಟ್ಟಿಗೆಗೆ ಹೋಗುತ್ತಿತ್ತು. ಅವರ ಹೆಂಡತಿ ನೀಲಮ್ಮ ನನಗೆ ಹಳೆಯ ಗಿರಾಕಿ. ನೀಲಕ್ಕ ಎಂದೇ ಕರೆಯುತ್ತಿದ್ದೆ. ಆಕೆಯೇ ನನ್ನನ್ನು ಕರೆಸಿದ್ದು. "ಇವೆಲ್ಲಾ ಒಯ್ಯಬೇ. ಪಡಸಾಲ್ಯಾಗ ಕಾಲ್ ಇಡಾಕ ಜಾಗಾ ಇಲ್ಲ."

ವೀರಭದ್ರಪ್ಪನವರು ಒಂದಕ್ಕೆ ಐವತ್ತು ರೂಪಾಯಿ ಎಂದರು. ಕೆಲವಕ್ಕೆ ಅದರ ಹತ್ತು ಪಟ್ಟು ಬರುತ್ತದೆಂದು ಹೇಳಿದೆ. ಅವರು ಕೈ ಬೀಸಿದರು.

"ರೊಕ್ಕದ್ದು ಬಿಡು. ಒಂದು ಮಾತೈತಿ. ಒಂದೊಂದೂ ಇಲ್ಲೇ ಕೂತು ಕೇಳಿ ಒಯ್ಯಬೇಕು. ಕೇಳದ ತಟ್ಟಿ ನಾ ಬಾಗಲಾ ದಾಟಿಸಂಗಿಲ್ಲ."

"ನಾಲ್ಕು ನೂರೂ ಕೇಳಬೇಕೇನ್ರಿ ಯಜಮಾನ್ರ?"

"ಒಂದೊಂದು ಮಗ್ಗಲ ಸಾಕು."

ಹೀಗೆ ವಾರಕ್ಕೊಂದು ದಿನ ಕುಷ್ಟಗಿಗೆ ಹೋಗಿ ಕೂರುವುದು ಶುರುವಾಯಿತು. ಅವರು ಹಾಸಿಗೆಯಷ್ಟು ಮೆತ್ತಗೆ ಬಟ್ಟೆ ಹಾಸಿ, ತಟ್ಟೆ ಒರೆಸಿ, ಸೂಜಿ ಇಡುತ್ತಿದ್ದರು. ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದರು. ಇದು ಯಾವ ಮದುವೆಯಲ್ಲಿ ಹಚ್ಚಿದ್ದು, ಅಲ್ಲಿ ಬೀಗರು ಯಾಕೆ ಜಗಳಾಡಿದರು, ಎಲ್ಲ ಹೇಳುತ್ತಿದ್ದರು. ಅಡುಗೆಮನೆಯಿಂದ ನೀಲಕ್ಕನ ದನಿ ಬರುತ್ತಿತ್ತು, "ಈಗ ಜಿಗಿತೈತಿ ನೋಡು!" ಆಕೆ ಹೇಳಿದ ಮರುಕ್ಷಣ ಸೂಜಿ ಟಕ್ ಎಂದು ಜಿಗಿದು ಎರಡು ಸಾಲು ಮುಂದೆ ಹೋಗುತ್ತಿತ್ತು. ಯಾವ ತಟ್ಟೆ ಎಲ್ಲಿ ಜಿಗಿಯುತ್ತದೆ, ಎಲ್ಲಿ ಕರಕರ ಎನ್ನುತ್ತದೆ, ಎಲ್ಲ ಆಕೆಗೆ ಬಾಯಿಪಾಠ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮಾಲಿನ ಗುಣ ಅಳೆಯುವುದರಲ್ಲಿ ಸಾಹೇಬರಿಗಿಂತ ನೀಲಕ್ಕ ಒಂದು ಕೈ ಮೇಲೆ ಅನ್ನಿಸಿತು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸೂಜಿ ಒಂದೇ ಕಡೆ ಸಿಕ್ಕಿಕೊಂಡಿತು. ಹಾಡುವವಳು ಒಂದೇ ಪದವನ್ನು ಹತ್ತು ಸಲ, ಇಪ್ಪತ್ತು ಸಲ ಹೇಳುತ್ತಲೇ ಇದ್ದಳು. ವೀರಭದ್ರಪ್ಪನವರು ಎತ್ತುತ್ತಾರೆಂದು ನೋಡಿದೆ. ಅವರು ಕಣ್ಣು ಮುಚ್ಚಿ, ಹಾಡು ಮುಂದೆ ಸಾಗುತ್ತಿದ್ದ ಹಾಗೆಯೇ ಬೆರಳು ಬಡಿಯುತ್ತ, ನಡುನಡುವೆ ತಲೆದೂಗುತ್ತಿದ್ದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಕ್ಕೆ. ನೀಲಕ್ಕ ಹಿಟ್ಟಿನ ಕೈಯಲ್ಲೇ ಬಂದು ಸೂಜಿ ಎತ್ತಿ ಒಂದು ಗೆರೆ ಮುಂದಿಟ್ಟು ಹೋದಳು. ಅವರಿಗೆ ಅದೂ ತಿಳಿಯಲಿಲ್ಲ.

ಅಡುಗೆಮನೆಗೆ ಹೋದೆ. ಆಕೆ ರೊಟ್ಟಿ ಬಡಿಯುತ್ತಲೇ ಹೇಳಿದಳು.

"ನಿನಗ ಈಗ ತಿಳೀತೇನು? ಮೂರು ವರ್ಷ ಆತು. ಆ ಹಾರ್ನಿನ ಬುಡಕ ಕೂತು ಕೂತು ಕಿವಿ ಹೋಗ್ಯಾವು. ನೀ ಓಣಿ ತುಂಬ ಕೇಳೂ ಹಂಗ ಒದರಿ ಮಾತಾಡ್ತೀ, ಅದಕ್ಕ ನಿಂದು ಒಂದೀಟು ಕೇಳತೈತಿ."

"ಮತ್ತ ಹಾಡು?"

"ತಲ್ಯಾಗ ಎಲ್ಲಾ ಅದಾವಲ್ಲ. ತಟ್ಟಿ ತಿರಗೂದು ಕಂಡ್ರ ಹಾಡು ತಾನ ನೆನಪಾಗತೈತಂತ. ಯಾರರ ಜೋಡಿ ಕೂತಿರಬೇಕು, ಅಷ್ಟ. ನಾ ಕೂತ್ರ ರೊಟ್ಟಿ ಮಾಡೋರು ಯಾರು?" ಎಂದಳು. ಇನ್ನೊಂದು ರೊಟ್ಟಿ ಹಂಚಿಗೆ ಹಾಕಿ, "ಕಿವಿ ಮಷಿನ್ ತಂದಿದ್ವಿ. ಮಾತು ಕೇಳ್ತಾವ, ಹಾಡು ಹರದಂಗ ಕೇಳ್ತಾವ ಅಂತ ಬಿಚ್ಚಿ ಒಗದ್ರು" ಎಂದಳು.

ಅದಾದ ಮೇಲೆ ಆ ಪಡಸಾಲೆಯಲ್ಲಿ ಕೂರುವುದು ನನಗೆ ಬೇರೆಯೇ ಆಯಿತು. ಸೂಜಿ ಜಿಗಿದಾಗ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಅರ್ಧ ಮುಗಿದಿತ್ತು. ಎಲ್ಲ ಮುಗಿದ ಮೇಲೆ ಒಂದೇ ಸಲ ಒಯ್ಯುವುದೆಂದು, ಕೇಳಿದವನ್ನು ಅಲ್ಲೇ ಬೇರೆ ಪೆಟ್ಟಿಗೆಗಳಲ್ಲಿ ಇಟ್ಟಿದ್ದೆ. ಆಗ ಬೆಂಗಳೂರಿನಿಂದ ಒಂದು ಕಾರು ಬಂತು. ರೆಕಾರ್ಡು ಮಾರುವ ವ್ಯಾಪಾರಿ. ನಾನೂ ಅಲ್ಲೇ ಇದ್ದೆ. ಅವನು ನಿಂತುಕೊಂಡೇ ಪೆಟ್ಟಿಗೆಗಳನ್ನು ಕೆದಕಿ, ಎಲ್ಲಕ್ಕೂ ಸೇರಿಸಿ, ನಾನು ಕೊಡುವುದಕ್ಕಿಂತ ಮೂರು ಪಟ್ಟು ಹೇಳಿದ. ಅಷ್ಟು ಕೊಡಲು ನನ್ನಿಂದಾಗಲಿ ಸಾಹೇಬರಿಂದಾಗಲಿ ಸಾಧ್ಯವಿರಲಿಲ್ಲ.

"ನೀಲಕ್ಕ, ಕೊಡ್ರಿ ಅವರಿಗೆ. ರೇಟ್ ಖರೇನ ಐತಿ. ನಾ ಅಷ್ಟು ಕೊಡಾಕ ಆಗಂಗಿಲ್ಲ" ಎಂದೆ.

ನೀಲಕ್ಕ ಗಂಡನ ಕಿವಿಗೆ ಬಾಯಿ ಹಚ್ಚಿ ಹೇಳಿದಳು. ಅವರು ಆ ಮನುಷ್ಯನನ್ನು ನೋಡಿ, "ಕೇಳಿ ಒಯ್ತೀರೇನು?" ಎಂದರು.

"ಇಷ್ಟನ್ನೂ ಕೇಳೋಕೆ ಯಾರಿಗೆ ಟೈಮ್ ಇದೆ ಅಜ್ಜ? ಒಂದು ಗಂಟೇಲಿ ಲೋಡ್ ಮಾಡಿಸ್ತೀನಿ."

ಅವನು ಹೇಳಿದ್ದು ಕೇಳಿಸದಿದ್ದರೂ ನಗು ಅವರಿಗೆ ಕಾಣಿಸಿತು. ಕೇಳಿ ಮುಗಿಸಿದ ಪೆಟ್ಟಿಗೆಗಳನ್ನು ತೋರಿಸಿದರು. "ಅವನ್ನ ಒಯ್ರಿ. ಇವು ಆಗಂಗಿಲ್ಲ." ನನ್ನ ಕಡೆ ತಿರುಗಿ, "ಹುಲಿಗೆವ್ವ, ಅವು ನಿನಗ ಅಂದಿದ್ದು. ಏನಂತಿ?" ಎಂದರು. ನಾನು ಆಗಲಿ ಎಂದು ತಲೆಯಾಡಿಸಿದೆ. ಅವನು ಗೊಣಗುತ್ತಲೇ ಅರ್ಧ ಮಾಲು ಒಯ್ದ. ಅದರಲ್ಲಿ ನಾನು ಮನಸ್ಸಿನಲ್ಲೇ ಗುರುತು ಮಾಡಿಟ್ಟಿದ್ದ ಒಳ್ಳೆಯವೆಲ್ಲ ಹೋದವು.

ತಾವರಗೇರಾ ದಾರಿಯ ಬಸ್ಸಿನಲ್ಲಿ ಬರಿಗೈಯಲ್ಲಿ ಕೂತು ಬಂದೆ. ಸಾಹೇಬರು ಈ ಮಾಲಿಗಾಗಿ ತಿಂಗಳುಗಟ್ಟಲೆ ಕಾದಿದ್ದರು. ಬೈಯಿಸಿಕೊಳ್ಳಲು ಸಿದ್ಧಳಾಗಿ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಕಾರಿನ ವಿಷಯ, ಕಿವಿಯ ವಿಷಯ, ಸಿಕ್ಕಿಕೊಂಡ ಸೂಜಿಯ ವಿಷಯ. ಅವರು ಬೈಯಲಿಲ್ಲ. ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟು ಕೇಳಿದರು:

"ವೀರಭದ್ರಪ್ಪನವರ ಆಂಪ್ಲಿಫೈಯರ್ ಯಾವುದೈತಿ? ವಾಲ್ವಿಂದೋ, ಟ್ರಾನ್ಸಿಸ್ಟರಿಂದೋ?"

ಮುಂದಿನ ವಾರ ಮೆಹಬೂಬ್ ಸಾಹೇಬರು ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಸ್ಸು ಹತ್ತಿದರು. ಅವರು ಕೆಲಸಕ್ಕೆಂದು ಊರು ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೈಯಲ್ಲಿ ರಿಪೇರಿಯ ಹತ್ಯಾರದ ಚೀಲ, ಕಿವಿ ಪೂರ್ತಿ ಮುಚ್ಚುವ ದೊಡ್ಡ ಹಳೆಯ ಹೆಡ್‌ಫೋನು. ಪಡಸಾಲೆಯಲ್ಲಿ ಕೂತು ವೀರಭದ್ರಪ್ಪನವರ ಆಂಪ್ಲಿಫೈಯರ್ ಬಿಚ್ಚಿ ಎರಡು ತಾಸು ಏನೇನೋ ಬೆಸೆದರು. ಹೆಡ್‌ಫೋನು ವೀರಭದ್ರಪ್ಪನವರ ಕಿವಿಗೆ ಹಾಕಿ, ಯಾವ ಸ್ವರ ಅವರಿಗೆ ಹೋಗಿದೆ, ಯಾವುದು ಉಳಿದಿದೆ ಎಂದು ಒಂದೊಂದೇ ಗುಂಡಿ ತಿರುಗಿಸಿ ಕೇಳುತ್ತ ಹೋದರು. ಕೇಳಿದರೆ ಕೈ ಎತ್ತಬೇಕೆಂದು ಹೇಳಿದ್ದರು. ವೀರಭದ್ರಪ್ಪನವರು ಶಾಲೆಯ ಮಗುವಿನಂತೆ ಕೈ ಕಟ್ಟಿ ಕೂತಿದ್ದರು. ಬಹಳ ಹೊತ್ತು ಕೈ ಏಳಲಿಲ್ಲ. ನೀಲಕ್ಕ ಒಲೆ ಆರಿಸಿ ಬಾಗಿಲಲ್ಲಿ ಬಂದು ನಿಂತಳು.

ಒಮ್ಮೆಲೇ ಕೈ ಎದ್ದಿತು.

ಸಾಹೇಬರು ಸೂಜಿ ಇಟ್ಟರು. ನಮಗೆ ಕೇಳಿದ್ದು ತಟ್ಟೆಯಿಂದಲೇ ಬರುವ ಇರುವೆ ದನಿ ಮಾತ್ರ. ವೀರಭದ್ರಪ್ಪನವರು ಕಣ್ಣು ಮುಚ್ಚಲಿಲ್ಲ. ನೆಟ್ಟಗೆ ಕೂತು ಎರಡೂ ಕೈಯಿಂದ ಹೆಡ್‌ಫೋನು ಒತ್ತಿ ಹಿಡಿದರು. ಅವರ ತುಟಿ ಅಲ್ಲಾಡುತ್ತಿತ್ತು. ಹಾಡು ನಡುವಿಗೆ ಬಂತು. ನೀಲಕ್ಕ ರೂಢಿಯಂತೆ "ಈಗ ಜಿಗಿ..." ಎನ್ನುವಷ್ಟರಲ್ಲಿ ಅವರು ಎದ್ದು ನಿಂತುಬಿಟ್ಟರು.

"ನೀಲಾ! ಇದು ಜಿಗಿತೈತಲ್ಲೇ!"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಇನ್ನೊಂದು ಹಚ್ಚು" ಎಂದರು. ಅದು ಕರಕರ ಎಂದಿತು. "ಇದೇನಿದು, ಶೇಂಗಾ ಹುರಿದಂಗ!" ಇನ್ನೊಂದು. ಅದರಲ್ಲಿ ಮೂರು ಕಡೆ ಗೀರು. ಅವರ ಮುಖ ಕೆಂಪಾಯಿತು. "ಇಂಥಾವ ಹುಲಿಗೆವ್ವಗ ಐವತ್ತಕ್ಕ ಮಾರಾಕ ಹತ್ತಿದ್ನೇನು ನಾನು? ಮೈಕ್ ಸೆಟ್ಟಿನ ವೀರಭದ್ರಪ್ಪ ಕೆಟ್ಟ ಅವಾಜ್ ಮಾರ್ಯಾನ ಅಂದ್ರ ಮಂದಿ ಏನಂದಾರು? ಇಪ್ಪತ್ತು ಕೊಡವ್ವ. ಇಪ್ಪತ್ತೂ ಜಾಸ್ತಿ ಆತು."

"ಐವತ್ತಕ್ಕ ಮಾತಾಗೇತ್ರಿ ಯಜಮಾನ್ರ!"

"ಹದಿನೈದು."

"ನಲವತ್ತರ ತಗೋರಿ."

"ಹತ್ತು!"

ಕೊಳ್ಳುವವಳು ಏರಿಸುತ್ತ, ಮಾರುವವರು ಇಳಿಸುತ್ತ ಹೋದ ವ್ಯಾಪಾರ ನನ್ನ ಜೀವನದಲ್ಲಿ ಅದೊಂದೇ. ಸಾಹೇಬರು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊನೆಗೆ ನೀಲಕ್ಕ ಇಬ್ಬರನ್ನೂ ಗದರಿಸಿ ಇಪ್ಪತ್ತೈದಕ್ಕೆ ನಿಲ್ಲಿಸಿದಳು. ಅಪರೂಪದ ಹತ್ತು ಹನ್ನೆರಡನ್ನು ನಾನು ಬೇರೆ ಇಟ್ಟೆ. ಅವು ಮಾರಿದ ಮೇಲೆ ಬಂದದ್ದರಲ್ಲಿ ಅರ್ಧ ನೀಲಕ್ಕನಿಗೆ ಎಂದು ಮಾತಾಯಿತು. ವೀರಭದ್ರಪ್ಪನವರು ಜಿಗಿಯದ ನಲವತ್ತನ್ನು ಆರಿಸಿ ತಮಗಾಗಿ ಉಳಿಸಿಕೊಂಡರು. ಉಳಿದವನ್ನು ಕೇಳಿಯೇ ಕೊಡಬೇಕೆಂಬ ಹಟ ಬಿಡಲಿಲ್ಲ. ಇನ್ನೂ ಎರಡು ತಿಂಗಳು ಹೋಗಿ ಕೂತೆ. ಈಗ ತೊಡೆಯ ಮೇಲಿನ ಬೆರಳು ಹಾಡಿನ ಜೊತೆಗೇ ನಡೆಯುತ್ತಿತ್ತು. ಸೂಜಿ ಸಿಕ್ಕಿಕೊಂಡರೆ ಅವರೇ ಬೈದು ಎತ್ತಿಡುತ್ತಿದ್ದರು.

ಮಾಲೆಲ್ಲ ಬಂದ ಮೇಲೆ ನೀಲಕ್ಕನ ಫೋನು ಬಂತು. ಏನಾಯಿತೋ ಎಂದು ಗಾಬರಿಯಾಯಿತು.

"ಏನಿಲ್ಲಬೇ. ಇವರು ಅದನ್ನ ಕಿವಿಗೆ ಹಾಕ್ಕೊಂಡು ಕೂತ್ರ ಮನಿ ಸಪ್ಪಗಾಗತೈತಿ. ನಲವತ್ತು ವರ್ಷ ಕೇಳಿ ಸಾಕಾಗೇತಿ ಅಂತಿದ್ದೆ. ಈಗ ಯಾವುದು ಹಚ್ಯಾರ ಅಂತ ತಟ್ಟಿ ಮ್ಯಾಲ ಬಗ್ಗಿ ಓದಿ ನೋಡಬೇಕು. ನಿಮ್ಮ ಸಾಹೇಬರಿಗೆ ಹೇಳು, ನನಗೂ ಒಂದು ಕಿವಿದು ಮಾಡಿಕೊಡ್ಲಿ."

ಸಾಹೇಬರು ಒಂದೇ ದಿನದಲ್ಲಿ ಮಾಡಿಕೊಟ್ಟರು. ಒಯ್ದು ಕೊಟ್ಟು ಬಂದೆ. ಆ ವರ್ಷವೇ ನನ್ನ ಮೊಣಕಾಲು ಹಿಡಿದುಕೊಂಡು, ಡಾಕ್ಟರು ಬುಟ್ಟಿ ಹೊರಬಾರದೆಂದರು. ಕೆಲಸ ಬಿಟ್ಟೆ.

ಹೋದ ದೀಪಾವಳಿಗೆ ಮುಂಚೆ ಸಂಬಂಧಿಕರ ಮನೆಗೆಂದು ಕುಷ್ಟಗಿಗೆ ಹೋದಾಗ ಅವರ ಮನೆ ಕಡೆ ನಡೆದೆ. ಬಾಗಿಲ ಬಳಿ ನಿಂತು "ನೀಲಕ್ಕಾ!" ಎಂದು ಕೂಗಿದೆ. ಬುಟ್ಟಿ ಹೊತ್ತಾಗ ಓಣಿಯ ಆ ತುದಿಗೆ ಕೇಳುತ್ತಿದ್ದ ದನಿ ಅದು. ಎರಡು ಸಲ ಕೂಗಿದೆ, ಮೂರು ಸಲ ಕೂಗಿದೆ. ಪಕ್ಕದ ಮನೆಯವರು ಹೊರಗೆ ಬಂದರು. ಇಣುಕಿ ನೋಡಿದರೆ ಪಡಸಾಲೆಯಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತಿದ್ದಾರೆ. ಇಬ್ಬರ ಕಿವಿಯ ಮೇಲೂ ದೊಡ್ಡ ಹೆಡ್‌ಫೋನು. ತಟ್ಟೆ ತಿರುಗುತ್ತಿತ್ತು. ಇಬ್ಬರಿಗೂ ನನ್ನ ಕೂಗು ಕೇಳಿಸಲಿಲ್ಲ.

ತಟ್ಟೆಯ ಆ ಮಗ್ಗುಲು ಮುಗಿಯುವವರೆಗೆ ಹೊರಗೆ ಕಟ್ಟೆಯ ಮೇಲೆ ಕೂತೆ.